ಗಂಡಾನೆಯ ಗೇಟಿಗೆ ನಾನು ಮಾಡಿದ ಪೂಜೆ

ಪೀಣ್ಯದಲ್ಲಿ ಗೇಟು ಮಾಡುವವರಿಗೆ ಬರವಿಲ್ಲ. ಆದರೆ ಆನೆಗಳ ಸಂಸಾರದ ನಡುವೆ ಗೇಟು ಹಾಕಿ ಬಂದವನು ಇಡೀ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನೊಬ್ಬನೇ ಇರಬೇಕು. ಈ ಸಂಗತಿಯನ್ನು ನಾನು ಈಗ ಹೆಚ್ಚಾಗಿ ಹೇಳಿಕೊಳ್ಳುವುದಿಲ್ಲ. ಕಾರಣ ವಿನಯವಲ್ಲ. ಅರ್ಧ ಕೇಳಿದವರು ಪೂರ್ತಿ ಹೇಳು ಎನ್ನುತ್ತಾರೆಂಬ ಭಯ!

ಆಗ ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದವು. ನಮ್ಮ ಶೆಡ್ಡಿನಲ್ಲಿ ಫ್ಯಾಕ್ಟರಿ ಗೇಟು, ಅಪಾರ್ಟ್‌ಮೆಂಟ್ ಗೇಟು, ಕಲ್ಯಾಣಮಂಟಪದ ಗೇಟು, ಹೀಗೆ ಮನುಷ್ಯರನ್ನು ತಡೆಯುವ ಎಲ್ಲ ಬಗೆಯ ಗೇಟುಗಳೂ ತಯಾರಾಗುತ್ತಿದ್ದವು. ಒಂದು ಬೆಳಿಗ್ಗೆ ಊರಾಚೆಯ ಒಂದು ಮೃಗಾಲಯದಿಂದ ವಸಂತಾ ಎಂಬ ಡಾಕ್ಟರ್ ಮೇಡಂ ಬಂದರು.

"ಆನೆಗೆ ಒಂದು ಗೇಟ್ ಬೇಕಿತ್ತು," ಅಂದರು.

"ಮಾಡೋಣ ಮೇಡಂ. ಒಳಗೆ ಬರೋಕಾ, ಹೊರಗೆ ಹೋಗೋಕಾ?"

"ಹೆಂಡತಿ ಹತ್ರ ಹೋಗೋಕೆ."

ನಾನು ಅವರಿಗೆ ಕುರ್ಚಿ ಹಾಕಿದೆ. ವಿಷಯ ಇಷ್ಟು. ಗಂಡಾನೆಯ ಹೆಸರು ರಾಯಪ್ಪ, ಹೆಣ್ಣಾನೆಯ ಹೆಸರು ಸುಭದ್ರೆ. ಅಕ್ಕಪಕ್ಕದ ಅಂಗಳ, ನಡುವೆ ಕಬ್ಬಿಣದ ಕಂಬಗಳ ಬೇಲಿ. ರಾಯಪ್ಪನಿಗೆ ವರ್ಷಕ್ಕೊಮ್ಮೆ ಮದ ಬರುತ್ತದೆ, ಆಗ ಅವನು ಯಾರ ಮಾತನ್ನೂ ಕೇಳುವುದಿಲ್ಲ. ಮೊದಲಾದರೆ ಸರಪಳಿ ಹಾಕಿ ಕಟ್ಟುತ್ತಿದ್ದರಂತೆ. ಈಗ ಸರಪಳಿ ಬಿಚ್ಚಿದ್ದಾರೆ, ಬದಲಿಗೆ ಅವನಿರುವಾಗ ಅಂಗಳಕ್ಕೆ ಮನುಷ್ಯರೇ ಕಾಲಿಡುವುದಿಲ್ಲ. ಊಟ, ಔಷಧಿ, ಉಗುರು ಕತ್ತರಿಸುವುದು ಎಲ್ಲವೂ ಕಂಬಿಗಳ ಈಚೆಯಿಂದಲೇ. ಆದ್ದರಿಂದ ದೂರದಲ್ಲಿ ನಿಂತು ಚೈನು ಎಳೆದರೆ ಪಕ್ಕಕ್ಕೆ ಸರಿಯುವ ಗೇಟು ಬೇಕು.

"ಅವಳು ಬೆದೆಗೆ ಬರೋದು ನಾಲ್ಕು ತಿಂಗಳಿಗೆ ಒಂದ್ಸಲ ಕಣ್ರೀ, ಅದೂ ಕೆಲವೇ ದಿನ," ಅಂದರು ಮೇಡಂ. "ಇನ್ನೂ ಒಂದೂ ಮರಿ ಆಗಿಲ್ಲ. ಆನೆಗಳಲ್ಲಿ ಮೊದಲನೇ ಬಸಿರು ತುಂಬಾ ತಡ ಆದ್ರೆ ಆಮೇಲೆ ಆಗೋದೇ ಕಷ್ಟ. ಅವನ ಮದ ಇಳಿದಿರ್ಬೇಕು, ಅವಳು ಸಿದ್ಧ ಇರ್ಬೇಕು, ಗೇಟ್ ತೆಗೀಬೇಕು. ಈ ಸಲ ತಪ್ಪಿದ್ರೆ ಮುಂದಿನ ಸಲ ಏನೋ ಎಂತೋ."

ಹೇಳುತ್ತಾ ಅವರ ದನಿ ಮೆತ್ತಗಾಯಿತು. ನಾನು ನೋಡದ ಆ ಹೆಣ್ಣಾನೆಯ ಮೇಲೆ ನನಗೂ ಕನಿಕರ ಉಕ್ಕಿತು. ಎದೆ ಮುಟ್ಟಿಕೊಂಡು, "ಗೇಟು ತೆಗೆದೇ ತೆಗೆಯುತ್ತೆ ಮೇಡಂ. ಅದು ನನ್ನ ಮಾತು," ಅಂದೆ.

ಮನೆಗೆ ಬಂದು ಈ ಘೋಷಣೆಯನ್ನು ಹೆಂಡತಿಯ ಮುಂದೆಯೂ ಮಾಡಿದೆ. ನಮ್ಮದು ಜಾಲಹಳ್ಳಿ ಕಡೆ ಮನೆ. ಗಿರಿಜಾ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದಾಳೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಅಲ್ಲಿ ಸಂಬಳಕ್ಕೆ, ಮನೆಯಲ್ಲಿ ಉಚಿತವಾಗಿ.

"ರೀ, ಆನೆ ಬಗ್ಗೆ ನಿಮಗೇನು ಗೊತ್ತು?"

"ಏನೇ ಗೊತ್ತಿರ್ಬೇಕು? ದೊಡ್ಡ ಹಸು ಅಂದ್ಕೋ. ದಪ್ಪ ಕಂಬಿ ಹಾಕಿದ್ರೆ ಆಯ್ತು."

"ಹಸುಗೆ ಸೊಂಡ್ಲು ಇರಲ್ಲ," ಅಂದಳು. ನಾನು ಅದನ್ನು ಸಾಮಾನ್ಯ ಜ್ಞಾನವೆಂದು ಭಾವಿಸಿ ಮುಂದೆ ಸಾಗಿದೆ.

ಅಳತೆಗೆ ಹೋದ ದಿನ ರಾಯಪ್ಪ ಮದದಲ್ಲಿದ್ದ. ಕೆನ್ನೆಯ ಮೇಲೆ ಎಣ್ಣೆ ಸುರಿದಂತೆ ಮದ ಇಳಿಯುತ್ತಿತ್ತು. ಬೇಲಿಯಿಂದ ದೂರಕ್ಕೆ ನೆಲದ ಮೇಲೊಂದು ಹಳದಿ ಗೆರೆ. ಮಾವುತ ಮಾದಣ್ಣ ಕೈ ಅಡ್ಡ ಹಿಡಿದು, "ಅಳದಿ ಗೆರೆ ದಾಟ್ಬ್ಯಾಡಿ ಸಾಮಿ. ಅಲ್ಲೀಗಂಟ ಅವನ ಸೊಂಡ್ಲು ಬತ್ತದೆ," ಅಂದ.

ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಪೀಣ್ಯದ ಪ್ರತಿಯೊಂದು ಕಾರ್ಖಾನೆಯಲ್ಲೂ ನೆಲದ ಮೇಲೆ ಹಳದಿ ಗೆರೆ ಇರುತ್ತದೆ. ಅದನ್ನು ಯಾರೂ ದಾಟಬಾರದೆಂಬ ನಿಯಮವೂ ಇರುತ್ತದೆ. ಅದರ ಮೇಲೆ ನಾವು ಮಾಲು ಪೇರಿಸುತ್ತೇವೆ, ಬೈಕು ನಿಲ್ಲಿಸುತ್ತೇವೆ, ಟೀ ಕುಡಿಯುತ್ತೇವೆ. ಇಪ್ಪತ್ತು ವರ್ಷದ ಆ ಅನುಭವದಿಂದ ನಾನು ಗೆರೆ ದಾಟಿ ಟೇಪು ಚಾಚಿದೆ.

ಟೇಪಿನ ಆ ಕಡೆಯ ತುದಿಯನ್ನು ರಾಯಪ್ಪ ಹಿಡಿದುಕೊಂಡ. ಸಹಾಯ ಮಾಡುತ್ತಿದ್ದಾನೆ ಎಂದುಕೊಂಡೆ! ಮರುಗಳಿಗೆ ಟೇಪು ಅವನ ಕಾಲಡಿಯಲ್ಲಿತ್ತು, ನಾನು ಮಾದಣ್ಣನ ತೋಳಿನಲ್ಲಿದ್ದೆ. ಸೊಂಡಿಲು ನನ್ನ ಮೂಗಿನ ಮುಂದೆ ಬೀಸಿ ಹೋದ ಗಾಳಿ ಈಗಲೂ ನೆನಪಿದೆ. ಉಳಿದ ಅಳತೆಯನ್ನು ಹಳದಿ ಗೆರೆಯ ಈಚೆ ನಿಂತು ಕಣ್ಣಂದಾಜಿನಲ್ಲಿ ಬರೆದುಕೊಂಡೆ.

ಗೇಟು ತಯಾರಾಯಿತು. ಅಷ್ಟರಲ್ಲಿ ರಾಯಪ್ಪನ ಮದವೂ ಇಳಿಯಿತು. ಅವನನ್ನು ಹಿಂದಿನ ಕೊಟ್ಟಿಗೆಗೆ ಕಳಿಸಿ ಷಟರ್ ಹಾಕಿದ ಮೇಲೆ ನಾನು, ನಮ್ಮ ವೆಲ್ಡರ್ ಶರಣಪ್ಪ ಸೇರಿ ಗೇಟು ಕೂರಿಸಿದೆವು. ಶರಣಪ್ಪ ಯಾದಗಿರಿ ಕಡೆಯವನು, ಟಿ. ದಾಸರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ. "ವೆಲ್ಡ್ ಹೊಡದ್ಬಿಡೂಣೇನ್ರಿ?" ಎಂದು ಕೇಳಿದ. "ಬೇಡಪ್ಪಾ, ನಟ್ಟು ಬೋಲ್ಟು ಹಾಕು. ನಾಳೆ ಬಿಚ್ಚೋಕೆ ಸುಲಭ," ಅಂದೆ.

ಮಾರನೇ ದಿನ ಮಧ್ಯಾಹ್ನ ಮೇಡಂ ಫೋನ್ ಬಂತು. "ಮಂಜುನಾಥ್, ನಿಮ್ಮ ಬೋಲ್ಟ್‌ಗಳೆಲ್ಲ ನನ್ನ ಟೇಬಲ್ ಮೇಲಿವೆ. ಬಂದು ತಗೊಂಡ್ಹೋಗಿ."

ಆಗಿದ್ದೇನೆಂದರೆ, ಅಂಗಳದಲ್ಲಿ ಏನಾದರೂ ವಸ್ತು ಬಿದ್ದರೆ ಅದನ್ನು ತಂದು ಮಾವುತನಿಗೆ ಕೊಡುವುದನ್ನು ರಾಯಪ್ಪನಿಗೆ ಕಲಿಸಿದ್ದಾರೆ. ತಂದುಕೊಟ್ಟರೆ ಒಂದು ತುಂಡು ಬೆಲ್ಲ. ರಾಯಪ್ಪ ಬೆಳಿಗ್ಗೆಯಿಂದ ನನ್ನ ಗೇಟಿನ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ, ಬಿಚ್ಚಿ, ಕಂಬಿಯ ಬಳಿ ತಂದು ಕೊಟ್ಟು ಬೆಲ್ಲ ತಿಂದಿದ್ದಾನೆ! "ಎಲ್ಲೋ ಬಿದ್ದವು ತತ್ತಾವ್ನೆ ಅಂದ್ಕಂಡೆ ಸಾಮಿ. ಗೇಟು ಅಲ್ಲಾಡ್ದಾಗ್ಲೇ ಗೊತ್ತಾಗಿದ್ದು," ಎಂದು ಮಾದಣ್ಣ ತಲೆ ಕೆರೆದುಕೊಂಡ.

ಶರಣಪ್ಪ ಮಾತ್ರ ರಾಯಪ್ಪನನ್ನು ಬಹಳ ಹೊತ್ತು ಗೌರವದಿಂದ ನೋಡಿದ. "ಸಾಹೇಬ್ರ, ಇಂವನ್ನ ನಮ್ಮ ಶೆಡ್ಡಿಗಿ ಫಿಟರ್ ಅಂತ ಇಟ್ಕೊಂಡ್ರ ಚಲೋ ಆಗ್ತದ ನೋಡ್ರಿ."

ಅವಮಾನ ನುಂಗಿಕೊಂಡು ಇಡೀ ಗೇಟಿಗೆ ವೆಲ್ಡಿಂಗ್ ಹೊಡೆಸಿದೆ. ಬಿಚ್ಚುವುದಕ್ಕೆ ಒಂದೇ ಒಂದು ತಿರುಪನ್ನೂ ಉಳಿಸಲಿಲ್ಲ. ಚೈನು ಎಳೆದರೆ ಗೇಟು ಬೆಣ್ಣೆಯಂತೆ ಸರಿಯುತ್ತಿತ್ತು. ಮೇಡಂ ಮೊದಲ ಬಾರಿ ನಕ್ಕರು. ಕೆಲವು ದಿನಗಳ ನಂತರ, "ಸುಭದ್ರೆಯ ರಕ್ತದ ರಿಪೋರ್ಟ್ ಬಂತು, ಅವಳು ಸಿದ್ಧ ಇದ್ದಾಳೆ. ನಾಳೆ ಬೆಳಿಗ್ಗೆ ಬಿಡ್ತೀವಿ, ಬನ್ನಿ," ಎಂದರು.

ಈಗ ಪೀಣ್ಯದ ಪದ್ಧತಿಯ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಪೂಜೆಯಿಲ್ಲದೆ ಒಂದು ಮಿಷಿನ್ನೂ ಓಡುವುದಿಲ್ಲ, ಒಂದು ಗೇಟೂ ತೆರೆಯುವುದಿಲ್ಲ. ಎರಡು ಬದಿಗೆ ಬಾಳೆಕಂದು, ಕಬ್ಬಿನ ಜಲ್ಲೆ, ಚೆಂಡು ಹೂವಿನ ಹಾರ, ಕೊನೆಗೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುವುದು. ಇಷ್ಟು ದೊಡ್ಡ ಶುಭಕಾರ್ಯಕ್ಕೆ ಇದರಲ್ಲಿ ಕಡಿಮೆ ಮಾಡಲಾದೀತೇ?

ನಾನು ಸಾಮಾನು ಕಟ್ಟಿಕೊಳ್ಳುವುದನ್ನು ಗಿರಿಜಾ ನೋಡಿದಳು.

"ಇದನ್ನೆಲ್ಲ ಆನೆ ಗೇಟಿಗೆ ಕಟ್ತೀರಾ?"

"ಮತ್ತೆ? ಎರಡೂ ಕಡೆಗೂ ಕಟ್ತೀನಿ."

ಆಕೆ ಸುಮ್ಮನಾದಳು. ಇನ್‌ಸ್ಪೆಕ್ಷನ್ನಿನವರು ಸುಮ್ಮನಾದರೆ ಮಾಲು ವಾಪಸ್ ಬರುತ್ತದೆಂದು ನನಗೆ ತಿಳಿದಿರಬೇಕಿತ್ತು.

ಬೆಳಿಗ್ಗೆ ಮೇಡಂ ಸುಭದ್ರೆಯ ಕೊಟ್ಟಿಗೆಯಲ್ಲಿದ್ದರು, ಮಾದಣ್ಣ ರಾಯಪ್ಪನ ಕೊಟ್ಟಿಗೆಯ ಬಳಿ ಇದ್ದ. ಅಂಗಳ ಎರಡೂ ಖಾಲಿ. ನಾನೂ ಶರಣಪ್ಪನೂ ಒಳಹೊಕ್ಕು ಗೇಟನ್ನು ಮದುವಣಗಿತ್ತಿಯಂತೆ ಸಿಂಗರಿಸಿದೆವು. ಹಗ್ಗವಾದರೆ ಸಡಿಲವಾದೀತೆಂದು ಕಬ್ಬು, ಬಾಳೆಕಂದುಗಳನ್ನು ಬೈಂಡಿಂಗ್ ವೈರಿನಲ್ಲಿ ಬಿಗಿದೆ. ಕರ್ಪೂರ ಹಚ್ಚಿ, ಬೂದುಗುಂಬಳ ಒಡೆದು, ಹೊರಗೆ ಬಂದು ಚೈನು ಹಿಡಿದು ನಿಂತೆವು.

ಎರಡು ಕಡೆಯ ಷಟರುಗಳೂ ಎದ್ದವು. ಆ ಕಡೆಯಿಂದ ಸುಭದ್ರೆ ಬಂದಳು, ಈ ಕಡೆಯಿಂದ ರಾಯಪ್ಪ ಬಂದ. "ಎಳೀರಿ," ಎಂದು ಮೇಡಂ ಆ ತುದಿಯಿಂದ ಕೈ ಮಾಡಿದರು. ಎಳೆದೆವು. ಗೇಟು ಸರಿಯತೊಡಗಿತು. ಸುಭದ್ರೆ ರಾಯಪ್ಪನನ್ನು ನೋಡಿದಳು. ರಾಯಪ್ಪ ಕಬ್ಬನ್ನು ನೋಡಿದ!

ಮುಂದಿನದೆಲ್ಲ ಕ್ಷಣಮಾತ್ರದಲ್ಲಿ ನಡೆಯಿತು. ರಾಯಪ್ಪ ಕಬ್ಬಿಗೆ ಸೊಂಡಿಲು ಸುತ್ತಿ ಎಳೆದ. ವೈರಿನಲ್ಲಿ ಬಿಗಿದ ಕಬ್ಬು ಬರಲಿಲ್ಲ, ಗೇಟೇ ಬಂತು. ಇದನ್ನು ಕಂಡ ಸುಭದ್ರೆ ತನ್ನ ಕಡೆಯ ಬಾಳೆಕಂದನ್ನು ಹಿಡಿದು ಜಗ್ಗಿದಳು. ಗೇಟು ಆ ಕಡೆ ವಾಲಿತು. ರಾಯಪ್ಪ ಮತ್ತೆ ಎಳೆದ. ಕೆಳಗಿನ ರೋಲರು ಕಿತ್ತುಬಂದು, ಅದು ಓಡುವ ಹಳಿಯಂಥ ಚಾನೆಲ್ಲು ಬಾಗಿ, ಗೇಟು ಅರ್ಧಕ್ಕೆ ಸಿಕ್ಕಿಹಾಕಿಕೊಂಡು ನಿಂತಿತು. ದಂಪತಿಗಳು ಕಬ್ಬು, ಬಾಳೆಕಂದು, ಹಾರ, ಬೂದುಗುಂಬಳ ಸಕಲವನ್ನೂ ಸ್ವೀಕರಿಸಿದರು.

ಮೇಡಂ ಓಡಿ ಬಂದರು. "ಯಾರ್ರೀ ಇದನ್ನೆಲ್ಲ ಕಟ್ಟಿದ್ದು?"

"ಶುಭಕಾರ್ಯ ಅಲ್ವಾ ಮೇಡಂ, ಅದಕ್ಕೇ ಪೂಜೆ..."

"ವೈರ್ ಎಲ್ರೀ? ಹೊಟ್ಟೆಗೆ ಹೋಗಿದ್ರೆ?"

ದೇವರ ದಯೆ, ವೈರೆಲ್ಲ ಗೇಟಿನಲ್ಲೇ ನೇತಾಡುತ್ತಿತ್ತು. ನಾನು ಸಮಾಧಾನದ ಉಸಿರು ಬಿಟ್ಟು ಆ ಕಡೆ ನೋಡಿದೆ. ಅರ್ಧ ತೆರೆದ ಸಂದಿಯಲ್ಲಿ ಆನೆಯ ಮೈ ಹಿಡಿಸುತ್ತಿರಲಿಲ್ಲ. ತಿಂಡಿ ಮುಗಿಸಿದ ಸುಭದ್ರೆ ಆ ಸಂದಿಯಿಂದ ಸೊಂಡಿಲು ಚಾಚಿ ರಾಯಪ್ಪನ ಮುಖ ಮುಟ್ಟುತ್ತಾ ನಿಂತಿದ್ದಳು. ಅವನು ಕದಲದೆ ನಿಂತಿದ್ದ. ನನಗೆ ನಾಚಿಕೆಯಿಂದ ಕಣ್ಣು ತುಂಬಿತು. ಇಷ್ಟು ವರ್ಷ ಕಾದ ಜೀವದ ಮುಂದೆ ಅಡ್ಡ ನಿಂತಿರುವುದು ಬೇರೆ ಏನೂ ಅಲ್ಲ, ನನ್ನ ಗೇಟು.

"ಸಂಜೆಯೊಳಗೆ ಇದನ್ನ ತೆಗೀತೀನಿ ಮೇಡಂ. ತೆಗೀದೆ ಈ ಜಾಗ ಬಿಟ್ಟು ಹೋಗಲ್ಲ," ಅಂದೆ.

"ಅವನು ಅಲ್ಲಿಂದ ಕದಲಿದ್ರೆ ತಾನೇ ನೀವು ಒಳಗೆ ಹೋಗೋದು?"

ರಾಯಪ್ಪ ಕದಲಲಿಲ್ಲ. ಸೀಟಿ ಊದಿದರೂ ಇಲ್ಲ, ಬೆಲ್ಲ ತೋರಿಸಿದರೂ ಇಲ್ಲ. ನಾನು ಮೃಗಾಲಯದ ಹೊರಗಿದ್ದ ಕಬ್ಬಿನ ಹಾಲಿನ ಅಂಗಡಿಗೆ ಓಡಿದೆ.

"ಎಷ್ಟು ಗ್ಲಾಸ್ ಸಾರ್?"

"ಗ್ಲಾಸ್ ಬೇಡ ಗುರು. ಇರೋ ಕಬ್ಬೆಲ್ಲ ಕೊಡು."

"ಏನ್ ಸಾರ್, ಮನೇಲಿ ಫಂಕ್ಷನ್ನಾ?"

"ಪ್ರಸ್ತ ಕಣಪ್ಪಾ, ಬೇಗ ಕೊಡು!"

ಆ ಹೊರೆಯನ್ನು ಹೊತ್ತು ತಂದು ಹಿಂದಿನ ಕೊಟ್ಟಿಗೆಗೆ ತುಂಬಿದ ಮೇಲೆ ರಾಯಪ್ಪ ಒಲ್ಲದ ಮನಸ್ಸಿನಿಂದ ಅತ್ತ ನಡೆದ. ಅವನ ಹಿಂದೆ ಷಟರ್ ಬಿತ್ತು. ಸುಭದ್ರೆಯನ್ನೂ ಆಚೆ ಕಳಿಸಿದರು. ನಾವಿಬ್ಬರೂ ಗ್ಯಾಸ್ ಕಟರ್, ಸುತ್ತಿಗೆ ಹಿಡಿದು ಒಳಗೆ ನುಗ್ಗಿದೆವು. ಬಿಚ್ಚಲು ಒಂದು ಬೋಲ್ಟಾದರೂ ಇದ್ದಿದ್ದರೆ ಬೇಗ ಮುಗಿಯುತ್ತಿತ್ತು. ಒಂದೂ ಇರಲಿಲ್ಲ, ಎಲ್ಲವನ್ನೂ ಕತ್ತರಿಸಬೇಕಾಯಿತು. ಊಟ ಮಾಡಲಿಲ್ಲ. ಅಂಗಿ ಸುಟ್ಟಿತು. ಬಿಸಿಲಿಳಿಯುವ ಹೊತ್ತಿಗೆ ಇಬ್ಬರೂ ಹೆಗಲು ಕೊಟ್ಟು ನೂಕಿದಾಗ ಗೇಟು ಕಿರುಚುತ್ತಾ ಪೂರ್ತಿ ತೆರೆಯಿತು!

ಹೊರಗೆ ಬಂದು ನಿಂತೆವು. ಷಟರುಗಳು ಎದ್ದವು. ಈ ಸಲ ಸುಭದ್ರೆಯೇ ಮುಂದಾಗಿ ಹೋದಳು. ನನ್ನ ಶ್ರಮದ ಫಲವನ್ನು ನೋಡಲು ನಾನು ಕತ್ತು ಉದ್ದ ಮಾಡಿದೆ.

"ನಿಮ್ಮ ಕೆಲಸ ಮುಗೀತು. ಆ ಕಡೆ ತಿರುಗಿ," ಅಂದರು ಮೇಡಂ.

ನನ್ನ ವೃತ್ತಿಜೀವನದ ಅತಿ ದೊಡ್ಡ ಗಳಿಗೆಯಲ್ಲಿ ನಾನು ನೋಡಿದ್ದು ನೀರಿನ ಟ್ಯಾಂಕು.

ಕತ್ತಲಾಗುವ ಮುನ್ನ ಇನ್ನೊಂದು ವಿಷಯ ತಿಳಿಯಿತು. ಗೇಟು ಮುಚ್ಚುತ್ತಿರಲಿಲ್ಲ! ಕೆಲವು ಗಂಟೆಗಳ ಭೇಟಿ ಎಂದು ಮೇಡಂ ಯೋಜನೆ ಹಾಕಿದ್ದರು. ಹೊಸ ಚಾನೆಲ್ಲು ತಂದು ಹಾಕುವವರೆಗೆ, ಅಂದರೆ ಎರಡು ದಿನ, ಅವರಿಬ್ಬರೂ ಜೊತೆಯಲ್ಲೇ ಇದ್ದರು. ಕೆಲವು ತಿಂಗಳ ಮೇಲೆ ಮೇಡಂ ಫೋನ್ ಮಾಡಿ, "ಸುಭದ್ರೆ ಬಸಿರು," ಅಂದರು. ನಾನು ಅಕ್ಕಪಕ್ಕದ ಶೆಡ್ಡುಗಳಿಗೆಲ್ಲ ಮೈಸೂರು ಪಾಕ್ ಹಂಚಿದೆ. "ಎಲ್ಲಾ ನಮ್ಮ ಗೇಟಿನ ಕೈಗುಣ," ಎಂದು ಹೇಳಲು ಮರೆಯಲಿಲ್ಲ.

ಆನೆಯ ಬಸಿರು ಸುಮಾರು ಎರಡು ವರ್ಷ. ಅಷ್ಟೂ ಕಾಲ ನಾನು ಕಂಡಕಂಡವರಿಗೆಲ್ಲ ಅದನ್ನೇ ಹೇಳಿದೆ. ಕೊನೆಗೂ ಮರಿ ಹುಟ್ಟಿತು. ಮೇಡಂ ಅದನ್ನು ನೋಡಲು ನಮ್ಮನ್ನು ಕರೆದರು. ಗಿರಿಜಾಳನ್ನೂ ಕರೆದುಕೊಂಡು ಹೋಗಿ ಹಳದಿ ಗೆರೆಯ ಈಚೆ ನಿಂತೆ.

ಸುಭದ್ರೆಯ ಕಾಲುಗಳ ನಡುವೆ ಕೂದಲು ತುಂಬಿದ ಪುಟ್ಟ ಮರಿ. ತಾಯಿ ಸೊಂಡಿಲಿನಿಂದ ಅದರ ಬೆನ್ನು ಸವರುತ್ತಿದ್ದಳು. ಮೇಡಂ ಕಣ್ಣೊರೆಸಿಕೊಂಡರು. ರಾಯಪ್ಪ ಹಿಂದಿನ ಕೊಟ್ಟಿಗೆಯಲ್ಲಿದ್ದ, ನನ್ನ ಗೇಟು ಭದ್ರವಾಗಿ ಮುಚ್ಚಿತ್ತು. "ನೋಡೇ, ಹೇಗಿದೆ ಕೆಲಸ?" ಎಂದು ಗಿರಿಜಾಳ ಕಡೆ ತಿರುಗಿದೆ.

ಮರಿ ತಾಯಿಯ ಕಾಲ ಸಂದಿಯಿಂದ ಹೊರಬಂತು. ಗೇಟಿನ ಬಳಿ ಬಂದು ಮೂಸಿತು. ಆಮೇಲೆ ಎರಡು ಕಂಬಿಗಳ ನಡುವೆ ತಲೆ ಹಾಕಿ, ಸಲೀಸಾಗಿ ನುಸುಳಿ, ಅಪ್ಪನ ಅಂಗಳಕ್ಕೆ ಬಂದು ನಿಂತಿತು!

ಸುಭದ್ರೆ ಘೀಳಿಟ್ಟಳು. ಮಾದಣ್ಣ ರಾಯಪ್ಪನ ಷಟರ್ ಭದ್ರ ಮಾಡಲು ಓಡಿದ. ಮೇಡಂ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ತಾಯಿಯ ಕೂಗಿಗೆ ಹೆದರಿದ ಮರಿ, ಬಂದ ದಾರಿಯಲ್ಲೇ ನುಸುಳಿ ವಾಪಸ್ ಹೋದ ಮೇಲೆ ಎಲ್ಲರಿಗೂ ಉಸಿರು ಬಂತು. ಮೇಡಂ ನನ್ನ ಮುಖವನ್ನೂ ನೋಡದೆ, "ನಾಳೆ ಜಾಲರಿ ಹಾಕಿಸ್ತೀನಿ. ಬೇರೆಯವರ ಹತ್ರ," ಅಂದರು.

ಗಿರಿಜಾ ಆ ಕಂಬಿಗಳ ಸಂದಿಯನ್ನು ದೂರದಿಂದಲೇ ಗೇಣಿನಲ್ಲಿ ಅಳೆದಳು.

"ರೀ, ಈ ಗೇಟ್ ಮಾಡಿದ್ದು ಯಾಕೆ?"

"ಮರಿ ಆಗ್ಲಿ ಅಂತ."

"ಮರಿ ಆಗುತ್ತೆ ಅಂತ ನಿಮಗೇ ನಂಬಿಕೆ ಇರ್ಲಿಲ್ವಾ?"

ಅಷ್ಟರಲ್ಲಿ ಮರಿ ಮತ್ತೊಮ್ಮೆ ನುಸುಳಿ ಬಂತು.