ಬಸವಂತ ಟಿವಿಯಲ್ಲಿ ಬಂದ ದಿನ

ನಾಗಪುರದ ರೈಲ್ವೆ ಗುಮಾಸ್ತ ಬಸವಂತನಿಗೆ ಕ್ಯಾಮೆರಾ ಕಂಡರೆ ಕಾಲು ತಾನಾಗಿಯೇ ಆ ಕಡೆ ಎಳೆಯುತ್ತಿತ್ತು. ಆ ದಿನ ರಜೆ ಹಾಕಿ ಇತವಾರಿ ಬಜಾರಿನಲ್ಲಿ ಖಾರದ ಪೋಹಾ ತಿಂದು ಕೈ ತೊಳೆಯುತ್ತಿದ್ದಾಗ, ಎದುರಿನ ಬಂಗಾರದ ಅಂಗಡಿಯಲ್ಲಿ ಕಳವಾಗಿದೆಯೆಂದು ಚಾನೆಲ್‌ನವರು ಬಂದಿಳಿದರು. ಅವನು ತಲೆ ಬಾಚಿಕೊಂಡು ವರದಿಗಾರ್ತಿಯ ಬೆನ್ನ ಹಿಂದೆ ನಿಂತು ಮನೆಗೆ ಫೋನ್ ಮಾಡಿದ.

"ಜಲ್ದಿ ಟಿವಿ ಹಚ್ಚು. ಬಾಜೂ ಮನಿಯವ್ರನ್ನೂ ಕರಿ."

ಹೆಂಡತಿ ಚಾರುಲತಾ ಕ್ವಾರ್ಟರ್ಸಿನ ಅರ್ಧ ಮಂದಿಯನ್ನು ಕರೆದಳು. ಗದಗಿನಿಂದ ಬಂದಿದ್ದ ಅವಳ ತಾಯಿಗೆ ಮುಂದಿನ ಕುರ್ಚಿ. ಎಲ್ಲರೂ ನೋಡುತ್ತಿದ್ದಂತೆ ಬಸವಂತನ ಮುಖದ ಸುತ್ತ ಕೆಂಪು ವೃತ್ತ ಮೂಡಿತು. ಎದೆ ನಡುಗಿಸುವ ಸಂಗೀತದ ನಡುವೆ ನಿರೂಪಕ ಕೇಳಿದ, ಕದ್ದವನೇ ನೋಡಲು ಬಂದನೇ ಎಂದು.

ಬಸವಂತ ಮನೆಗೆ ಬಂದಾಗ, ಮೆಟ್ಟಿಲ ಮೇಲೆ ಸಿಕ್ಕವರು ಹಸಿ ಬಣ್ಣದ ಗೋಡೆಯಿಂದ ಸರಿಯುವಂತೆ ಸರಿದರು. ಪಕ್ಕದ ಮನೆಯ ಧನಶ್ರೀಬಾಯಿ ಒಳಗಿದ್ದುಕೊಂಡೇ ಚಿಲಕ ಹಾಕಿಕೊಂಡಳು. ಅತ್ತೆ ಮಾತ್ರ, ಹಿಂದಿ-ಮರಾಠಿ ಬಾರದಿದ್ದರೂ, ತಮ್ಮ ಅಳಿಯ ಅಪ್ಪಟ ಬಂಗಾರವೆಂದು ಎಲ್ಲರೊಡನೆ ಕನ್ನಡದಲ್ಲೇ ಜಗಳ ಕಾಯುತ್ತಿದ್ದರು.

ನಾಚಿಕೆಯಿಂದ ಕುಗ್ಗಿದ ಬಸವಂತ ಚಾನೆಲ್ ಕಚೇರಿಗೆ ಓಡಿದ. ಅಷ್ಟರಲ್ಲಿ ನಿಜವಾದ ಕಳ್ಳ ಸಿಕ್ಕಿದ್ದ. ಸಂಪಾದಕರು ಚಹಾ ತರಿಸಿ, ಸಂಜೆಯೇ ತಪ್ಪು ತಿದ್ದುವುದಾಗಿ ಒಪ್ಪಿದರು. ಕೆಲಸದ ದಿನ ಬಜಾರಿನಲ್ಲಿ ಏಕಿದ್ದಿರಿ ಎಂದಷ್ಟೇ ಕೇಳಿದರು. ಬಸವಂತ ಮೊಬೈಲ್ ತೆಗೆದು, ಬೆಳಿಗ್ಗೆ ಸಾಹೇಬರಿಗೆ ಕಳಿಸಿದ ರಜೆಯ ಅರ್ಜಿ ತೋರಿಸಿದ. ಸಂಪಾದಕರು ಅದನ್ನು ಎರಡು ಸಲ ಓದಿ, ಫೋಟೋ ತೆಗೆದುಕೊಂಡರು.

ಸಂಜೆ ಬಸವಂತ ತಾನೇ ಮನೆಮನೆಗೆ ಹೋಗಿ ಎಲ್ಲರನ್ನೂ ಕರೆತಂದ. ಈತ ಕಳ್ಳನಲ್ಲ ಎಂದು ಟಿವಿ ಸಾರಿದಾಗ ಧನಶ್ರೀಬಾಯಿ ಚಪ್ಪಾಳೆ ತಟ್ಟಿದಳು. ಹಾಗಾದರೆ ಈತ ಯಾರು ಎಂದು ನಿರೂಪಕ ಮತ್ತೆ ದನಿ ಏರಿಸಿದ. ರಜೆಯ ಅರ್ಜಿ ಪರದೆ ತುಂಬ ಹರಡಿತು. ಅದರ ಒಂದು ಸಾಲಿನ ಸುತ್ತ ಕೆಂಪು ವೃತ್ತ ಬಿತ್ತು.

ಚಾರುಲತಾ ಗಂಡನನ್ನೇ ನೋಡುತ್ತಿದ್ದಳು.

ಅತ್ತೆ ಕಣ್ಣೊರೆಸಿಕೊಳ್ಳುತ್ತ ಮಗಳನ್ನು ಕೇಳಿದರು, "ನಮ್ಮ ಅಳಿಯಂದಿರ ಬಗ್ಗೆ ಛಲೋ ಬರದಾರೇನವ್ವಾ?"

"ನೀ ಇವತ್ತ ಮುಂಜಾನಿ ತೀರಿಕೊಂಡೀ ಅಂತ ಬರದೈತಿ," ಎಂದಳು ಚಾರುಲತಾ. "ಮಣ್ಣಿಗೆ ಹೋಗಬೇಕು, ರಜಾ ಕೊಡ್ರಿ ಅಂತ."

ಅತ್ತೆ ಎದ್ದು ಅಡಿಗೆಮನೆಗೆ ಹೋಗಿ ಅಳಿಯನಿಗೆ ರೊಟ್ಟಿ ಬಡಿಸಿದರು. ದಿನವೆಲ್ಲ ಅವನು ಏನೂ ತಿಂದಿರಲಿಕ್ಕಿಲ್ಲ ಎಂದರು.