ಮೈಲಾರಪ್ಪನ ಪ್ರಭಾವಳಿ ಯಂತ್ರ

ಮೈಲಾರಪ್ಪ ತನ್ನ ಹೊಸ ಯಂತ್ರವನ್ನು ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಅದಕ್ಕೆ ಹೊದಿಸಿದ್ದ ಟವೆಲನ್ನು ಮಂತ್ರಿಗಳು ಶಿಲಾಫಲಕದ ಪರದೆ ಎಳೆಯುವ ಗತ್ತಿನಲ್ಲಿ ಎಳೆದ. ನೋಡುವುದಕ್ಕೆ ಇದ್ದವಳು ಅವನ ಹೆಂಡತಿ ದ್ರಾಕ್ಷಾಯಣಿ ಒಬ್ಬಳೇ. ಅವಳೂ ಅತ್ತ ನೋಡುತ್ತಿರಲಿಲ್ಲ. ಮಗಳು ಸೌಭಾಗ್ಯಳ ಮದುವೆಗೆಂದು ಹೊಸೆದು ಕೋಲಿನ ಮೇಲೆ ಒಣಹಾಕಿದ್ದ ಶಾವಿಗೆಯನ್ನು ಹೊತ್ತು ಮುಳುಗುವುದರೊಳಗೆ ಇಳಿಸಿಕೊಳ್ಳುವ ಅವಸರದಲ್ಲಿದ್ದಳು.

ಗದಗಿನ ಆಚೆಯ ಚಿಕ್ಕಬಸಾಪುರದಲ್ಲಿ ಮೈಲಾರಪ್ಪನದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ತಂದು ಕೊಟ್ಟವರಿಗೆ ಅದು ಮೋಟಾರಾಗಿಯೇ ವಾಪಸ್ಸು ಸಿಗುತ್ತದೆಂಬ ಭರವಸೆ ಇರಲಿಲ್ಲ. ಅದರ ತಾಮ್ರದ ತಂತಿ ಅಷ್ಟರಲ್ಲಿ ಇನ್ನೇನೋ ಆಗಿಬಿಟ್ಟಿರುತ್ತಿತ್ತು. ಹಿಂದೊಮ್ಮೆ ರೊಟ್ಟಿ ಬಡಿಯುವ ಯಂತ್ರ ಮಾಡಿ ಇಡೀ ಓಣಿಯ ಗೋಡೆಗಳಿಗೆ ರೊಟ್ಟಿ ಅಂಟಿಸಿದ್ದ. ಅವನ್ನು ಕೆತ್ತಿ ತೆಗೆಯುವುದಕ್ಕೆ ಉಳಿ ಬೇಕಾಗಿತ್ತು. ಈ ಸಲ ಅವನು ಹಗೆ ಸಾಧಿಸಿದ್ದು ಸೊಳ್ಳೆಗಳ ಮೇಲೆ. ಊರ ಹೊಂಡದಿಂದ ಸಂಜೆಯಾದರೆ ಏಳುವ ಸೊಳ್ಳೆಗಳು ಎಂಥವೆಂದರೆ, ಎರಡು ಸೇರಿದರೆ ಮಲಗಿದ ಕೂಸಿನ ಮಗ್ಗುಲು ಬದಲಿಸುತ್ತಿದ್ದವು.

ಗುಂಡಿ ಒತ್ತಿದ ಕೂಡಲೇ ಪೆಟ್ಟಿಗೆ ಒಂದು ಗೊರಕೆ ಹೊಡೆಯಿತು, ಬಿಕ್ಕಿತು, ಆಮೇಲೆ ಜೋಳದ ರೊಟ್ಟಿಯಷ್ಟು ಅಗಲದ ಬಂಗಾರದ ಬಣ್ಣದ ಬೆಳಕಿನ ಬಳೆಯೊಂದನ್ನು ಉಗುಳಿತು. ಬಳೆ ಅಂಗಳವನ್ನೊಂದು ಸುತ್ತು ಹಾಕಿ ಮೈಲಾರಪ್ಪನ ತಲೆಯ ಗೇಣು ಮೇಲೆ ನಿಂತು ಮೆಲ್ಲಗೆ ತಿರುಗತೊಡಗಿತು. ಅವನನ್ನು ಮುತ್ತಿದ್ದ ಸೊಳ್ಳೆಗಳು ದಿಕ್ಕಾಪಾಲಾದವು.

“ಎಲ್ಲಿ ಸೊಳ್ಳಿ ಗುಂಯ್ ಅನ್ನೂದು ಹೆಚ್ಚೋ ಅಲ್ಲಿ ಹೋಗಿ ನಿಂದರತೈತಿ,” ಎಂದು ಮೈಲಾರಪ್ಪ ಹೆಮ್ಮೆಯಿಂದ ಹೇಳಿದ. “ಅಲ್ಲಿಂದ ಓಡಿಸಿದ ಮ್ಯಾಲ ಮತ್ತೊಂದು ಕಡೆ ಹುಡುಕಿಕೊಂಡು ಹೋಗತೈತಿ. ಅದಕ್ಕ ಕಣ್ಣಿಲ್ಲ, ಬರೀ ಕಿವಿ.”

ದ್ರಾಕ್ಷಾಯಣಿ ಏನೋ ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಧೊಪ್ಪೆಂದು ಸದ್ದಾಯಿತು. ನೋಡಿದರೆ ಬೀಗರು! ಗಂಡಿನ ತಂದೆ, ಜವಳಿ ಅಂಗಡಿಯ ಶಿವಬಸಪ್ಪ, ಹೊಸ್ತಿಲ ಮೇಲೆ ಅಡ್ಡಬಿದ್ದು ಮೈಲಾರಪ್ಪನ ಕಡೆ ಕೈಮುಗಿದಿದ್ದರು. ಅದು ಸೊಳ್ಳೆ ಓಡಿಸುವ ಬಳೆಯೆಂದು ತಿಳಿಹೇಳಿ, ಎಬ್ಬಿಸಿ, ನೀರು ಕೊಟ್ಟು ಕೂರಿಸುವಷ್ಟರಲ್ಲಿ ಗಂಡಹೆಂಡತಿಗೆ ಸಾಕಾಯಿತು.

ಶಿವಬಸಪ್ಪ ಬಂದಿದ್ದು ಬೇರೆ ಮಾತಿಗೆ. ನೆಲ ನೋಡುತ್ತ ಅದನ್ನು ಹೇಳಿದರು. ಊರಾಚೆ ಆಶ್ರಮ ಕಟ್ಟಿರುವ ಕಲ್ಪಾಂತ ಗುರುಗಳು ತಾವೇ ಕಡೆಯ ಅವತಾರವೆಂದು ಎಂದೋ ಸಾರಿದ್ದರು; ಈಗ ಲೋಕ ಮುಳುಗುವ ದಿನವನ್ನೂ ನಿಶ್ಚಯಿಸಿದ್ದರು. ಬರುವ ಬುಧವಾರ, ಗೋಧೂಳಿ ಹೊತ್ತಿಗೆ. ಮದುವೆ ಇದ್ದದ್ದು ಶುಕ್ರವಾರ.

“ಬುಧವಾರ ಲೋಕ ಮುಳಗೂದಾದ್ರ ಶುಕ್ರವಾರ ಅಕ್ಕಿಕಾಳು ಹಾಕಾವ್ರು ಯಾರು ಉಳೀತಾರಿ, ಬೀಗರ?” ಎಂದರು ಶಿವಬಸಪ್ಪ. ಮಂಟಪ ಬೇಡವೆಂದು ಆಗಲೇ ಹೇಳಿಬಂದಿದ್ದರಂತೆ.

ಹಾಗಾದರೆ ಮಂಗಳವಾರವೇ ಮುಗಿಸಿಬಿಡೋಣ ಎಂದಳು ದ್ರಾಕ್ಷಾಯಣಿ. ಮಂಗಳವಾರ ಮುಹೂರ್ತ ಒಳ್ಳೆಯದಿಲ್ಲ, ಮುಂದೆ ಸಂಸಾರಕ್ಕೆ ತೊಂದರೆಯಾಗುತ್ತದೆ ಎಂದರು ಶಿವಬಸಪ್ಪ. ಬುಧವಾರ ಮುಳುಗುವ ಸಂಸಾರಕ್ಕೆ ಮುಂದೆ ಇನ್ನೇನು ತೊಂದರೆಯೆಂದು ಅವಳು ಎಷ್ಟು ಬಗೆಯಲ್ಲಿ ಕೇಳಿದರೂ ಅವರು ಜಗ್ಗಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಹೋಗುವಾಗ ಕಣ್ಣೊರೆಸಿಕೊಂಡೇ ಹೋದರು.

ಒಳಗೆ ಸೌಭಾಗ್ಯ ಮದುವೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಕರೆಯಲಿಲ್ಲ. ಕಟ್ಟಿದ್ದ ಕುಚ್ಚುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ದ್ರಾಕ್ಷಾಯಣಿ ಅದನ್ನು ಬಾಗಿಲಲ್ಲಿ ನಿಂತು ಕಂಡಳು. ಲೋಕ ಮುಳುಗಲಿ ಬಿಡಲಿ, ಈ ಕುಚ್ಚು ಮಾತ್ರ ಬಿಚ್ಚಬಾರದು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಕಲ್ಪಾಂತ ಗುರುಗಳೇ ಮನೆಗೆ ಬಂದರು. ಶಿವಬಸಪ್ಪನ ಬಾಯಿಂದ ಬಳೆಯ ಸುದ್ದಿ ಆಶ್ರಮಕ್ಕೆ ಮುಟ್ಟಿತ್ತು. ಗುರುಗಳು ಮೊದಲು ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದವರು. ಎಲ್ಲರ ಮದುವೆಯಲ್ಲಿ ಕುರ್ಚಿ ಹಾಕಿ ಹಾಕಿ, ಜನ ಎಲ್ಲಿ ಎಷ್ಟು ಹೊತ್ತು ಕೂರುತ್ತಾರೆ, ಯಾವುದಕ್ಕೆ ಏಳುತ್ತಾರೆ ಎಂಬುದನ್ನು ಚೆನ್ನಾಗಿ ಬಲ್ಲವರು. ಯಂತ್ರವನ್ನು ನೋಡಿದರು, ಬಳೆಯನ್ನು ನೋಡಿದರು, ಗಡ್ಡ ನೀವಿಕೊಂಡರು.

ಅವರ ಮುಖದಲ್ಲಿದ್ದ ಕಳವಳವನ್ನು ದ್ರಾಕ್ಷಾಯಣಿ ಗುರುತಿಸಿದಳು. ಅಡುಗೆಗೆ ಮುಂಚೆ ಎಲೆ ಹಾಕಿಸಿಬಿಟ್ಟ ಯಜಮಾನನ ಕಳವಳ ಅದು. ಬುಧವಾರ ಎಂದೇನೋ ಹೇಳಿಬಿಟ್ಟಿದ್ದರು. ಗುರುವಾರ ಬೆಳಗಾದರೆ ಏನು ಹೇಳುವುದು?

“ಗುರುಗಳ,” ಎಂದಳು, “ಮುಳಗಸಾವ್ರಿಗಿಂತಾ ಉಳಸಾವ್ರು ದೊಡ್ಡವರಲ್ಲೇನ್ರಿ? ಬುಧವಾರ ಸಂಜೀಕ ಎಲ್ಲಾರ ಮುಂದ ನಿಮ್ಮ ತಲಿ ಮ್ಯಾಲ ಪ್ರಭಾವಳಿ ಇಳೀಲಿ. ಲೋಕ ಮುಳಗೂದನ್ನ ನಾ ತಡದೇನಿ ಅಂತ ಹೇಳ್ರಿ. ಶುಕ್ರವಾರ ಮದುವಿ ಮಾಡ್ರಿ ಅಂತ ನಮ್ಮ ಬೀಗರಿಗೆ ಅಪ್ಪಣಿ ಕೊಡ್ರಿ. ಯಂತ್ರ ನಿಮ್ಮದು.”

ಗುರುಗಳು ಕಣ್ಣು ಮುಚ್ಚಿ, ಲೋಕದ ಮೇಲೆ ತಮಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತೆಂದು ಹೇಳಿದರು.

ಅಂದೇ ಸಂಜೆ ಆಶ್ರಮದಲ್ಲಿ ತಾಲೀಮು. ನೆಲ ಒರೆಸಿ, ಸಾಂಬ್ರಾಣಿ ಹಾಕಿ, ಗುರುಗಳು ಬಿಳಿ ಮಡಿಯುಟ್ಟು ಪೀಠದ ಮೇಲೆ ಕೂತರು. ಮೈಲಾರಪ್ಪ ಗುಂಡಿ ಒತ್ತಿದ. ಬಳೆ ಹೊರಬಂದು, ಗುರುಗಳ ತಲೆಯ ಹತ್ತಿರ ಹೋಗಿ, ಏನೋ ಮೂಸಿ ನೋಡಿದಂತೆ ಮಾಡಿ, ಹಿಂದಿನ ಬಾಗಿಲಿನಿಂದ ಹೋಗಿ ಮುಸುರೆ ತಿಕ್ಕುತ್ತಿದ್ದ ಅಡುಗೆಭಟ್ಟನ ತಲೆಯ ಮೇಲೆ ನಿಂತಿತು. ಇಬ್ಬರು ಶಿಷ್ಯರು ಆಗಲೇ ಅವನಿಗೆ ಕೈಮುಗಿದುಬಿಟ್ಟರು. ಮೈಲಾರಪ್ಪ ಪೆಟ್ಟಿಗೆಯ ಮೇಲಿನ ಇನ್ನೊಂದು ಗುಂಡಿ, ವಾಪಸ್ಸು ಕರೆಯುವ ಕರೆಗುಂಡಿ, ಒತ್ತಿದ ಮೇಲೆ ಬಳೆ ಪೆಟ್ಟಿಗೆಗೆ ಮರಳಿತು. ಮತ್ತೊಮ್ಮೆ ಬಿಟ್ಟರೆ ಪಾಯಿಖಾನೆಯ ಗುಂಡಿಯ ಮೇಲೆ ನಿಂತು ದಿವ್ಯವಾಗಿ ಬೆಳಗಿತು.

ದೋಷ ಯಂತ್ರದ್ದಲ್ಲ, ಗುರುಗಳದ್ದು ಎಂದು ಮೈಲಾರಪ್ಪ ವಾದಿಸಿದ. ಸೊಳ್ಳೆಯಿಲ್ಲದ ತಲೆಗೆ ಪ್ರಭಾವಳಿ ಬರುವುದಾದರೂ ಹೇಗೆ? ಸಾಂಬ್ರಾಣಿ ಬಿಡಬೇಕು, ಸ್ನಾನ ಬಿಡಬೇಕು, ಹೊಂಡದ ದಂಡೆಯ ಮೇಲೆ ಬರಿಮೈಯಲ್ಲಿ ಕೂರಬೇಕು. ಗುರುಗಳು ಸಿಟ್ಟಿನಿಂದ ಕುದಿದರು. ಆದರೆ ಬುಧವಾರ ಹತ್ತಿರವಾಗುತ್ತಿತ್ತು.

ಹೀಗೆ ಆಶ್ರಮ ಹೊಂಡದ ದಂಡೆಗೆ ಬಂತು. ಗುರುಗಳು ಬೆನ್ನಿಗೆ ಬೆಲ್ಲದ ನೀರು ಸವರಿಕೊಂಡು ಪಾಚಿಯ ಪಕ್ಕದಲ್ಲಿ ತಪಸ್ಸಿಗೆ ಕೂತರು. ಶಿಷ್ಯರು ಊರಿನ ಹಳೆಯ ಟೈರುಗಳನ್ನೂ ಒಡೆದ ಗಡಿಗೆಗಳನ್ನೂ ತಂದು ನೀರು ತುಂಬಿ ಸುತ್ತ ಇಟ್ಟರು. ಮೈಯಲ್ಲೆಲ್ಲ ಗಂಟೆದ್ದು, ಒಂದು ಕಣ್ಣು ಮುಚ್ಚಿಹೋಗಿ, ಗುರುಗಳು ಕೆರೆದುಕೊಳ್ಳದೆ ಕೂತಿರುವುದನ್ನು ನೋಡಿ ಊರಿನವರಿಗೆ ಮೊದಲ ಬಾರಿ ಅವರ ಮೇಲೆ ನಿಜವಾದ ಭಕ್ತಿ ಹುಟ್ಟಿತು. ದ್ರಾಕ್ಷಾಯಣಿಗೂ ಒಳಗೊಳಗೆ ಅಯ್ಯೋ ಅನಿಸಿ, ಬೇವಿನೆಣ್ಣೆ ಒಯ್ದಳು. ಪವಿತ್ರ ಕಾರ್ಯಕ್ಕೆ ವಿಘ್ನವೆಂದು ಮೈಲಾರಪ್ಪನೇ ಅವಳನ್ನು ತಡೆದ.

ಬುಧವಾರ ಸಂಜೆ ಹೊಂಡದ ದಂಡೆಗೆ ಊರಿಗೆ ಊರೇ ನೆರೆದಿತ್ತು. ಲೋಕದ ಕಡೆಯ ದಿನವೆಂದು ಹೆಂಗಸರು ಇದ್ದ ಒಳ್ಳೆಯ ಸೀರೆಗಳನ್ನೆಲ್ಲ ಉಟ್ಟಿದ್ದರು. ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ತಬ್ಬಿಕೊಂಡು ಅತ್ತು, ಅತ್ತದ್ದು ಸಾಕಾದ ಮೇಲೆ ಹಳೆಯ ಜಗಳವನ್ನೇ ಮತ್ತೆ ಶುರುಮಾಡಿದ್ದರು. ಶಿವಬಸಪ್ಪ ಎಲ್ಲರಿಗಿಂತ ಮುಂದೆ ಕೂತಿದ್ದರು. ಪಕ್ಕದಲ್ಲಿ ಮದುವೆ ಗಂಡು ಮಲ್ಲೇಶ. ಅವನ ಕಣ್ಣು ಲೋಕದ ಅಂತ್ಯದ ಕಡೆಗಿರದೆ ಹೆಂಗಸರ ಗುಂಪಿನಲ್ಲಿದ್ದ ಸೌಭಾಗ್ಯಳ ಕಡೆಗಿತ್ತು.

ಹೊತ್ತು ಇಳಿಯಿತು. ಗಡಿಗೆಗಳಿಂದ ಎದ್ದ ಸೊಳ್ಳೆಗಳು ಗುರುಗಳ ಮೇಲೆ ಕಪ್ಪು ರುಮಾಲಿನಂತೆ ಕೂತವು. ಟೈರುಗಳ ಹಿಂದೆ ಅಡಗಿದ್ದ ಮೈಲಾರಪ್ಪ ಗುಂಡಿ ಒತ್ತಿದ. ಬಳೆ ಎದ್ದಿತು, ಒಂದು ಕ್ಷಣವೂ ತಡಮಾಡದೆ ಗುರುಗಳ ತಲೆಯ ಮೇಲೆ ಬಂದು ನಿಂತಿತು. ಊದಿದ ಮುಖದ ಮೇಲೆ ಬಂಗಾರದ ಬೆಳಕು ಬಿದ್ದು, ಗುರುಗಳು ನಿಜಕ್ಕೂ ಈ ಲೋಕದವರಲ್ಲ ಎನ್ನುವಂತೆ ಕಂಡರು.

ಹೇಳಿಕೊಟ್ಟ ಎರಡು ಮಾತು ಹೇಳಿ ಗುರುಗಳು ಅಲ್ಲಿಗೇ ಮುಗಿಸಿದ್ದರೆ ಆಗುತ್ತಿತ್ತು. ಆದರೆ ಎದುರಿಗೆ ಅಷ್ಟು ಜನ ಕೂತಿರುವಾಗ ಅವರಿಗೆ ನಿಲ್ಲಿಸಲಾಗಲಿಲ್ಲ. ಲೋಕ ಹೇಗೆ ಹುಟ್ಟಿತೆಂಬಲ್ಲಿಂದ ಶುರುಮಾಡಿದರು. ಇನ್ನೂ ಮುಳುಗುವ ಮಾತು ಬಂದಿರಲಿಲ್ಲ, ತಡೆಯುವ ಮಾತು ದೂರವೇ ಉಳಿಯಿತು, ಅಷ್ಟರಲ್ಲಿ ಬಳೆ ತನ್ನ ಕೆಲಸ ಮುಗಿಸಿತ್ತು. ಗುರುಗಳ ಸುತ್ತ ಒಂದೇ ಒಂದು ಸೊಳ್ಳೆ ಉಳಿದಿರಲಿಲ್ಲ. ಬಳೆ ಮೆಲ್ಲಗೆ ಅವರ ತಲೆ ಬಿಟ್ಟು ಮೇಲೆದ್ದಿತು.

ಜನರ ತಲೆಗಳೆಲ್ಲ ಬಳೆಯ ಜೊತೆಗೇ ತಿರುಗಿದವು. ಅದು ಶಿವಬಸಪ್ಪನ ಮೇಲೆ ಹಾದು, ಅವರು ಕಣ್ಣು ಮುಚ್ಚಿ ಕಾಯುತ್ತಿರುವಾಗಲೇ ಮುಂದೆ ಹೋಗಿ, ಹೊಂಡದ ಕೆಸರಿನಲ್ಲಿ ಮೂಗಿನವರೆಗೂ ಮುಳುಗಿದ್ದ, ಅದೇ ಊರಿನ ದುರಗವ್ವನ ಎಮ್ಮೆಯ ಎರಡು ಕೋಡುಗಳ ನಡುವೆ ನಿಂತಿತು. ಎಮ್ಮೆಯ ಸೊಳ್ಳೆಗಳ ಮುಂದೆ ಗುರುಗಳವು ಏನೇನೂ ಅಲ್ಲ. ಎಷ್ಟು ಓಡಿಸಿದರೂ ಅಷ್ಟೇ ಬರುತ್ತಿದ್ದವು. ಬಳೆಗೆ ಕಡೆಗೂ ಕೈತುಂಬ ಕೆಲಸ ಸಿಕ್ಕಿತ್ತು. ಅದು ಇನ್ನಿಲ್ಲದಂತೆ ಝಗಝಗಿಸಿತು.

ಎಮ್ಮೆ ನೀರಿನಿಂದ ಎದ್ದು ನಿಂತು ಎಲ್ಲರನ್ನೂ ಒಮ್ಮೆ ನೋಡಿತು.

ಮೊದಲು ಅಡ್ಡಬಿದ್ದವರು ಶಿವಬಸಪ್ಪ. ಹಿಂದೆಯೇ ಇಡೀ ದಂಡೆ.

“ಅದು ನಂದು!” ಎಂದು ಗುರುಗಳು ಕೂತಲ್ಲಿಂದ ಜಿಗಿದರು. ಬಳೆ ಹಿಡಿಯಲು ಹೋಗಿ ಟೈರು ಎಡವಿ, ಮೈಲಾರಪ್ಪನ ಮೇಲೆ ಬಿದ್ದು, ಇಬ್ಬರೂ ಯಂತ್ರದ ಸಮೇತ ಹೊಂಡಕ್ಕೆ ಉರುಳಿದರು. ಇವರಿಬ್ಬರು ಮೇಲೆ ಬಂದರು, ಪೆಟ್ಟಿಗೆ ಬರಲಿಲ್ಲ. ಕರೆಗುಂಡಿಯೂ ಅದರ ಜೊತೆಗೇ ಹೋಯಿತು. ಇನ್ನು ಆ ಬಳೆಯನ್ನು ಲೋಕದಲ್ಲಿ ಯಾರೂ ವಾಪಸ್ಸು ಕರೆಯುವಂತಿರಲಿಲ್ಲ.

ಎಲ್ಲ ಕೆಟ್ಟಿತೆಂದು ಸೌಭಾಗ್ಯ ತಾಯಿಯ ಕೈ ಹಿಡಿದಳು. ಆದರೆ ದ್ರಾಕ್ಷಾಯಣಿಯ ಲಕ್ಷ್ಯ ಶಿವಬಸಪ್ಪನ ಮುಖದ ಮೇಲಿತ್ತು. ಎಮ್ಮೆ ಈಗ ಏನು ಮಾಡುತ್ತದೋ ಅದೇ ಅಪ್ಪಣೆ ಎಂಬಂತೆ ಅವರು ಕೂತಿದ್ದರು. ಅವಳು ಮಗಳ ಕೈ ಬಿಡಿಸಿಕೊಂಡು ಮನೆಗೆ ಓಡಿದಳು. ಹೊಂಡದ ಪಕ್ಕದ ಓಣಿಯಲ್ಲೇ ಮನೆ. ಮದುವೆಗೆಂದು ಮಾಡಿಟ್ಟಿದ್ದ ಶಾವಿಗೆಯಲ್ಲಿ ಒಂದು ಬುಟ್ಟಿಯಷ್ಟನ್ನು ಬೆಲ್ಲದ ನೀರಿನಲ್ಲಿ ಹಾಕಿ, ಬಕೆಟ್ಟು ಹಿಡಿದು ಮತ್ತೆ ದಂಡೆಗೆ ಬಂದು, ಎಮ್ಮೆಗೆ ವಾಸನೆ ತೋರಿಸಿ, ಏನೂ ಅರಿಯದವಳಂತೆ ಹಿಂದಕ್ಕೆ ನಡೆದಳು.

ಎಮ್ಮೆ ಬಕೆಟ್ಟಿನ ಹಿಂದೆ ಹೊರಟಿತು. ಎಮ್ಮೆಯ ಹಿಂದೆ ಊರು. ಎಮ್ಮೆಗೆ ಏನಾಯಿತೆಂದು ಬೈಯುತ್ತ ದುರಗವ್ವ. ಎಲ್ಲರ ಹಿಂದೆ ಪಾಚಿ ಸುರಿಸುತ್ತ ಕಲ್ಪಾಂತ ಗುರುಗಳು. ಎಮ್ಮೆ ನೇರ ಮದುವೆ ಮನೆಗೆ ಬಂದು, ಶಾವಿಗೆ ತಿಂದು, ಹೊಸ್ತಿಲಿಗೆ ಅಡ್ಡವಾಗಿ ಮಲಗಿ ಮೆಲುಕು ಹಾಕತೊಡಗಿತು. ಕೋಡುಗಳ ನಡುವೆ ಬಳೆ ತಿರುಗುತ್ತಿತ್ತು. ಗೋಧೂಳಿ ಹೊತ್ತು ಕಳೆದು ಕತ್ತಲಾಯಿತು. ಲೋಕ ಇದ್ದಲ್ಲೇ ಇತ್ತು.

“ತಾಯಿ ತಾನಾಗೇ ಮದುವಿ ಮನೀಗೆ ಬಂದು ಕುಂತಾಳ,” ಎಂದರು ಶಿವಬಸಪ್ಪ. “ಇನ್ನ ನಾ ಯಾರು ಬ್ಯಾಡ ಅನ್ನಾಕ? ಬೀಗತಿ, ಶುಕ್ರವಾರನ ಮದುವಿ.”

ಅಷ್ಟು ದಿನವೂ ಬಾಯಿ ತೆರೆಯದ ಮಲ್ಲೇಶ, ಆಗಲಿ ಎಂದು ಎಮ್ಮೆಗೇ ಹೇಳಿದ. ಸೌಭಾಗ್ಯ ಒಳಗೆ ಹೋಗಿ ಸೀರೆ ತೆಗೆದುಕೊಂಡು ಮತ್ತೆ ಕುಚ್ಚು ಕಟ್ಟಲು ಕೂತಳು. ಎಮ್ಮೆಯನ್ನು ದಾಟಿ ಒಳಗೆ ಹೋಗುವುದಕ್ಕೆ ಅವಳು ಕಿಟಕಿಯನ್ನು ಹತ್ತಿಳಿಯಬೇಕಾಯಿತು.

ಶುಕ್ರವಾರದ ಮದುವೆಗೆ ಎಮ್ಮೆಯೂ ಬಂತು. ಬಾರದಿದ್ದರೆ ಶಿವಬಸಪ್ಪ ಅಕ್ಕಿಕಾಳು ಮುಟ್ಟಲು ಸಿದ್ಧರಿರಲಿಲ್ಲ. ಅದನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿದ್ದರು. ಸುತ್ತಲಿನ ಯಾರಿಗೂ ಒಂದೇ ಒಂದು ಸೊಳ್ಳೆಯೂ ಕಚ್ಚಲಿಲ್ಲ ಎಂಬುದನ್ನು ಮೈಲಾರಪ್ಪ ಬಂದವರಿಗೆಲ್ಲ ತೋರಿಸಿ ತೋರಿಸಿ ಹೇಳಿದ. ಯಾರೂ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಮ್ಮೆಯ ಮಹಿಮೆಯಲ್ಲಿ ಅವನ ಪಾಲೂ ಇದೆಯೆಂದರೆ ನಂಬುವವರು ಯಾರು? ಕಲ್ಪಾಂತ ಗುರುಗಳು ಮಾತ್ರ ಎಮ್ಮೆಯ ಬಾಲದ ಹತ್ತಿರ ಕೈಕಟ್ಟಿ ನಿಂತು, ಅದು ಕಿವಿ ಆಡಿಸಿದಾಗಲೆಲ್ಲ ಅದರ ಅರ್ಥವನ್ನು ಜನರಿಗೆ ಬಿಡಿಸಿ ಹೇಳುತ್ತಿದ್ದರು. ತಾವು ಅವತಾರವಲ್ಲ, ಅವತಾರದ ಮೊದಲ ಶಿಷ್ಯ ಮಾತ್ರವೆಂಬುದು ಹೊಂಡದ ಒಳಗಿದ್ದಾಗ ಅವರಿಗೆ ಹೊಳೆದಿತ್ತಂತೆ.

ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವಾಗ ಅವರು ಶಿಷ್ಯರೊಂದಿಗೆ ದುರಗವ್ವನ ಬಳಿ ಹೋಗಿ, ಲೋಕದ ಅಂತ್ಯ ಇನ್ನು ಯಾವತ್ತೆಂದು ತಾಯಿಯಿಂದ ಕೇಳಿ ಹೇಳಬೇಕೆಂದು ಬೇಡಿಕೊಂಡರು. ದುರಗವ್ವ ಎಮ್ಮೆಯ ಹೊಟ್ಟೆಯ ಮೇಲೆ ಕೈಯಾಡಿಸುತ್ತ ಹೇಳಿದಳು:

“ಗಬ್ಬ ಐತ್ರಿ ಇದು. ಈಯೋ ಮಟಾ ಯಾರೂ ಏನೂ ಮುಳಗಸಾಕ ಹೋಗಬ್ಯಾಡ್ರಿ. ಈದ ಮ್ಯಾಲ ಬಂದು ಗಿಣ್ಣ ತಿಂದು ಹೋಗ್ರಿ, ಮುಂದಿಂದು ಮುಂದ ನೋಡೂಣು.”