ಶೆಡ್ಡಿನ ಕೊನೆಯ ಮೂರು ನಾಟಕ

ನಮ್ಮ ನಾಟಕ ಮಂಡಳಿಯ ಹನ್ನೊಂದು ವರ್ಷದಲ್ಲಿ ಏನೂ ಎಡವಟ್ಟಾಗದೆ ಮುಗಿದ ನಾಟಕ ಒಂದೇ ಒಂದು. ಅವತ್ತು ಪ್ರೇಕ್ಷಕರೇ ಬಂದಿರಲಿಲ್ಲ.

ಎಡವಟ್ಟುಗಳಿಗೆ ನಾನು ಒಗ್ಗಿಹೋಗಿದ್ದೆ. ಕೊನೆಯ ದಿನವಾದರೂ ಮಾನವಾಗಿ ಮುಗಿಯಲಿ ಎಂದು ಆಸೆಪಟ್ಟಿದ್ದೆ, ಅದೂ ದಕ್ಕಲಿಲ್ಲ.

ಅರವತ್ತರ ದಶಕದ ಮಾತು. ಜಯನಗರದಲ್ಲಿ ಇನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ತ್ಯಾಗರಾಜನಗರದ ಕಡೆಯ ಅಂಚಿನಲ್ಲಿ ಒಂದು ತಗಡಿನ ಶೆಡ್ಡು ಇತ್ತು, ಅದೇ ನಮ್ಮ ರಂಗಮಂದಿರ. ಹಿಂದೆ ಅದರಲ್ಲಿ ರಾಗಿ ಮೂಟೆ ಇಡುತ್ತಿದ್ದರು. ಹೊಲವೆಲ್ಲ ಬಡಾವಣೆಗೆ ಹೋಗಿ, ಇಡುವುದಕ್ಕೆ ರಾಗಿಯೇ ಇಲ್ಲದಂತಾದ ಮೇಲೆ ಅದರ ಯಜಮಾನರು ಶೆಡ್ಡನ್ನು ನಮಗೆ ಬಿಟ್ಟುಕೊಟ್ಟರು. ಒಳ್ಳೆಯ ಮನುಷ್ಯ. ಒಂದು ದಿನವೂ ನಮ್ಮ ನಾಟಕ ನೋಡಿರಲಿಲ್ಲ, ಹಾಗಾಗಿ ನಮ್ಮ ಮೇಲೆ ವಿಶ್ವಾಸ ಉಳಿದಿತ್ತು. ಈಗ ಶೆಡ್ಡು ಕೆಡವಿ ಆರು ಮನೆಗಳ ವಠಾರ ಕಟ್ಟಿಸುತ್ತೇನೆ ಎಂದು ಹೇಳಿಬಿಟ್ಟಿದ್ದರು.

ನಾಟಕ ಬರೆದು ಕಲಿಸುತ್ತಿದ್ದವರು ನಮ್ಮ ಮೇಷ್ಟ್ರು. ಹೆಂಡತಿ ತೀರಿಕೊಂಡು, ಶಾಲೆಯಿಂದ ನಿವೃತ್ತಿಯೂ ಆದ ಮೇಲೆ ಅವರಿಗೆ ಇದ್ದದ್ದು ಈ ಶೆಡ್ಡೊಂದೇ. ಇದೂ ಹೋದರೆ ಸಂಜೆ ಹೊತ್ತು ಎಲ್ಲಿಗೆ ಹೋಗಲಿ ಎಂದು ನನ್ನನ್ನು ಕೇಳಿದ್ದರು.

ಕಡೆಗೆ ಅವರೇ ಒಂದು ಹೂಟ ಹೂಡಿದರು. ಬೀಳ್ಕೊಡುಗೆಯ ಉತ್ಸವ ಅಂತ ಒಂದು ಸಂಜೆ ಮೂರು ಸಣ್ಣ ನಾಟಕ ಆಡುವುದು. ಯಜಮಾನರೇ ಮುಖ್ಯ ಅತಿಥಿ. ಮೂರನೆಯ ನಾಟಕವನ್ನು ಮೇಷ್ಟ್ರು ಅವರಿಗೆಂದೇ ಬರೆದಿದ್ದರು. ಮನೆ ಕೆಡವಿ ಹೊಸದು ಕಟ್ಟಲು ಹೊರಟ ಕಲ್ಲೆದೆಯ ಮಾಲೀಕನೊಬ್ಬ, ಬಾಡಿಗೆಗಿದ್ದ ಬಡ ಗುಮಾಸ್ತನ ಕಣ್ಣೀರು ನೋಡಿ ಕರಗಿ, ‘ಇಲ್ಲೇ ಇರಿ’ ಅನ್ನುವ ಕಥೆ. ಅದನ್ನು ನೋಡಿ ನಮ್ಮ ಯಜಮಾನರೂ ಕರಗಬೇಕು, ಶೆಡ್ಡು ಉಳಿಯಬೇಕು.

ಒಳಗಿನ ದನಿ

ನನ್ನ ಕೆಲಸ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಹೇಳಿಕೊಡುವುದು. ಬೇರೆಯವರು ಅಲ್ಲೊಂದು ಇಲ್ಲೊಂದು ಮರೆಯುತ್ತಿದ್ದರು. ನಮ್ಮ ನಾಯಕ ನಟ ಮಾತ್ರ ‘ಅಯ್ಯೋ’ ಅನ್ನುವುದನ್ನೂ ಮರೆಯುತ್ತಿದ್ದ. ಹೊರಗೆ ಅವನು ಯಾವುದೋ ಆಫೀಸಿನಲ್ಲಿ ಗುಮಾಸ್ತ. ಶ್ರೀನಗರದಲ್ಲಿ ಒಂದೂವರೆ ಕೋಣೆಯಲ್ಲಿ ಆರು ಜನರ ಸಂಸಾರ, ಉರುಹೊಡೆಯಲು ಜಾಗ ಎಲ್ಲಿದೆ ಅನ್ನುತ್ತಿದ್ದ. ಒಂದು ವರ್ಷದಿಂದ ಬೇರೆ ಮನೆ ಹುಡುಕುತ್ತಲೇ ಇದ್ದ. ಮರೆವಿನ ಜೊತೆಗೆ ದನಿಯೂ ಸಣ್ಣದು. ‘ಹಿಂದಿನ ಸಾಲಿಗೆ ಕೇಳೋ ಹಾಗೆ ಹೇಳಯ್ಯಾ’ ಎಂದು ಮೇಷ್ಟ್ರು ಹನ್ನೊಂದು ವರ್ಷ ಅಂಗಲಾಚಿದ್ದರು.

ಅವತ್ತು ಮೊದಲ ನಾಟಕ ಶುರುವಾಗಿ ಐದು ನಿಮಿಷವಾಗಿರಲಿಲ್ಲ. ನಾನು ಒಂದು ಸಾಲು ಹೇಳುವುದು, ಅವನು ಅದನ್ನೇ ನನಗಿಂತ ಮೆಲ್ಲಗೆ ಹೇಳುವುದು, ಹೀಗೆ ನಡೆದಿತ್ತು. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರಿಗೆ ತಡೆಯಲಾಗಲಿಲ್ಲ.

“ಆ ಒಳಗಿರೋ ಮಹಾಶಯರನ್ನೇ ಹೊರಗೆ ಕರೀರಪ್ಪಾ. ಪಾಪ, ಈ ಮನುಷ್ಯನಿಗೆ ಯಾಕೆ ತೊಂದರೆ?”

ಮಂಚದ ಕಾಲು

ನಮ್ಮಲ್ಲಿ ಸ್ವಂತ ಸಾಮಾನು ಒಂದೂ ಇರಲಿಲ್ಲ. ಕುರ್ಚಿ ಒಂದು ಮನೆಯದು, ಗಡಿಯಾರ ಇನ್ನೊಂದು ಮನೆಯದು. ಕೊಟ್ಟವರಿಗೆ ಮುಂದಿನ ಸಾಲಿನಲ್ಲಿ ಜಾಗ, ಇದು ಪದ್ಧತಿ. ಅವರು ನಾಟಕ ನೋಡುತ್ತಿರಲಿಲ್ಲ, ತಮ್ಮ ಸಾಮಾನು ನೋಡುತ್ತಿದ್ದರು.

ಮೊದಲ ನಾಟಕದ ಕೊನೆಗೆ ನಾಯಕ ಸಾಯಬೇಕು. ಎದೆ ಹಿಡಿದುಕೊಂಡು ತೂರಾಡುತ್ತಾ ಮಂಚದ ಹತ್ತಿರ ಬಂದ. ಸಾಯುವುದಕ್ಕೆ ಮಾತು ಬೇಕಿಲ್ಲವಾದ್ದರಿಂದ ಚೆನ್ನಾಗಿಯೇ ಸಾಯುತ್ತಿದ್ದ. ಶೆಡ್ಡಿನಲ್ಲಿ ಒಂದು ಸದ್ದಿಲ್ಲ. ಮಂಚ ಕೊಟ್ಟ ಮನೆಯಾಕೆ ಎದ್ದು ನಿಂತರು.

“ಆ ಕಡೆ ಬೀಳಬೇಡಿ, ಆ ಕಾಲು ಲಡ್ಡಾಗಿದೆ. ಈ ಕಡೆ ಬನ್ನಿ.”

ನಾಯಕ ಪ್ರಾಣ ಬಿಡುವುದನ್ನು ಬಿಟ್ಟು, ಕೈಮುಗಿದು, ಮಂಚ ಸುತ್ತಿಕೊಂಡು ಈ ಕಡೆ ಬಂದು ಸತ್ತ.

ಜನ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ, ನಾನು ಯಜಮಾನರನ್ನೇ ನೋಡುತ್ತಿದ್ದೆ. ಅವರು ತಲೆ ಎತ್ತಿ ಸೂರು ನೋಡುತ್ತಾ ಕೂತಿದ್ದರು. ಮನಸ್ಸು ಕಲಕಿದೆ ನೋಡಿ ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ನನಗೆ ಅವರು ತಗಡು ಎಣಿಸುತ್ತಿರುವ ಹಾಗೆ ಕಂಡಿತು.

ಮೀಸೆ

ಆಗ ನಮ್ಮಲ್ಲಿ ಪಾತ್ರ ಮಾಡಲು ಹೆಂಗಸರು ಬರುತ್ತಿರಲಿಲ್ಲ. ತಾಯಿಯ ಪಾತ್ರವೆಲ್ಲ ಒಬ್ಬ ಬ್ಯಾಂಕಿನವನದು. ಅವನಿಗೊಂದು ಮೀಸೆ. ತಂದೆ ಇರುವ ತನಕ ಮಗ ಮೀಸೆ ತೆಗೆಯಬಾರದು ಎಂಬುದು ಅವರ ಮನೆಯಲ್ಲಿ ಕಟ್ಟುನಿಟ್ಟು. ಹೀಗಾಗಿ ಹನ್ನೊಂದು ವರ್ಷವೂ ಸೆರಗು ಮೂಗಿನವರೆಗೆ ಎಳೆದುಕೊಂಡೇ ತಾಯಿಯಾಗಿದ್ದ. ಕೊನೆಯ ದಿನವಾದರೂ ಜನ ತನ್ನ ಮುಖ ನೋಡಲಿ ಎಂದು ಮಧ್ಯಾಹ್ನ ಸೆಲೂನಿಗೆ ಹೋಗಿ ಬೋಳಿಸಿಬಿಟ್ಟ.

ದಾರಿಯಲ್ಲಿ ಪಕ್ಕದ ಬೀದಿಯವರಿಬ್ಬರು ಅವನ ಮುಖ ನೋಡಿದರು. ತಲೆ ತಗ್ಗಿಸಿ ನೆಟ್ಟಗೆ ಅವನ ಮನೆಗೆ ನಡೆದರು. ಬಾಗಿಲು ತೆಗೆದವರು ತಂದೆಯೇ. ಬಂದವರಿಗೆ ಏನು ಹೇಳುವುದೋ ತೋಚದೆ, ಹೇಗಿದ್ದೀರಿ ಎಂದು ಕೇಳಿದರಂತೆ. ಮುದುಕರು ಬಾಯಿ ಬಿಡಿಸಿ ನಿಜ ತಿಳಿದುಕೊಂಡು, ಕೋಲೂರಿಕೊಂಡು ಶೆಡ್ಡಿಗೆ ಬಂದರು.

ಎರಡನೆಯ ನಾಟಕ ನಡೆದಿತ್ತು. ನಮ್ಮ ತಾಯಿ ಗಂಡನನ್ನು ಕಳೆದುಕೊಂಡು ಗೋಳಾಡುತ್ತಿದ್ದಳು.

“ನಾನಿನ್ನೂ ಬದುಕಿದ್ದೀನಿ ಕಣೋ,” ಎಂದು ಬಾಗಿಲಿನಿಂದ ಗುಡುಗು ಕೇಳಿಸಿತು.

ಇದೂ ನಾಟಕವೇ ಎಂದುಕೊಂಡು ಜನ ಹೊಡೆದ ಚಪ್ಪಾಳೆಗೆ ತಗಡು ಅದುರಿತು. ಸತ್ತ ಗಂಡ ಬದುಕಿ ಬಂದದ್ದಕ್ಕೆ ಹೆಂಗಸರು ಕಣ್ಣೊರೆಸಿಕೊಂಡರು. ಮುದುಕರು ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಆಮೇಲೆ ಕೈಮುಗಿದು ಕೂತರು. ನಾಟಕ ಮುಗಿದ ಮೇಲೆ ಒಳಗೆ ಬಂದು, ಮುಂದಿನದರಲ್ಲೂ ತಾವು ಬದುಕಿ ಬರಬೇಕೇ ಎಂದು ಮೇಷ್ಟ್ರನ್ನು ವಿಚಾರಿಸಿದರು.

ಮನೆ

ಇನ್ನು ಉಳಿದದ್ದು ಮೂರನೆಯದು.

ಆಶ್ಚರ್ಯವೆಂದರೆ ಅದು ಸರಿಯಾಗಿ ನಡೆಯಿತು. ನಾಯಕ ಎಂದಿನಂತೆ ಮಾತು ಮರೆತ, ನಾನು ಎಂದಿನಂತೆ ಹೇಳಿಕೊಟ್ಟೆ. ಆದರೆ ಮನೆಯಿಲ್ಲದ ಗುಮಾಸ್ತನ ಸಂಕಟ ಅವನ ಮುಖದಲ್ಲೇ ಇತ್ತು, ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಮಾಲೀಕನ ಕಾಲು ಹಿಡಿದಾಗ ನಮ್ಮ ಯಜಮಾನರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ನನ್ನ ಭುಜ ಹಿಡಿದುಕೊಂಡರು. ಶೆಡ್ಡು ಉಳಿಯಿತು ಎಂದೇ ನಂಬಿದೆ.

ನಾಟಕ ಮುಗಿಯುತ್ತಿದ್ದಂತೆ ಯಜಮಾನರು ತಾವಾಗಿಯೇ ರಂಗ ಹತ್ತಿದರು. ನಾಯಕನನ್ನು ಕೈಹಿಡಿದು ಎಬ್ಬಿಸಿದರು.

“ನಿಜ್ವಾಗ್ಲೂ ನಿಂಗೆ ಮನೆ ಇಲ್ವೇನಪ್ಪಾ?”

ಅವನು ರೂಢಿಯಂತೆ ನನ್ನ ಕಡೆ ನೋಡಿದ. ಪುಸ್ತಕದಲ್ಲಿ ಈ ಸಾಲು ಇರಲಿಲ್ಲ, ನಾನೇನು ಹೇಳಲಿ? ಅವನೇ ನಿಜ ಹೇಳಿದ. ಒಂದೂವರೆ ಕೋಣೆ, ಆರು ಜನ, ಒಂದು ವರ್ಷದ ಹುಡುಕಾಟ.

ಯಜಮಾನರು ಸಭೆಯ ಕಡೆ ತಿರುಗಿದರು. “ನಾನು ನಾಟ್ಕದಲ್ಲಿ ತೋರಿಸಿದಂಗೆ ಕಲ್ಲೆದೆಯೋನಲ್ಲ. ಈ ಶೆಡ್ಡು ಕೆಡವಿ ಆರು ಮನೆ ಕಟ್ತಾ ಇವ್ನಿ. ಮೊದಲ್ನೇ ಮನೆ ಈವಯ್ಯಂಗೇ. ನಾಳೇನೇ ತಗಡು ಇಳಿಸ್ತೀನಿ.”

ಮೇಷ್ಟ್ರು ನನ್ನ ಭುಜ ಅಲ್ಲಾಡಿಸಿದರು. “ಮನೆ ಬೇಡ, ಶೆಡ್ಡು ಬಿಡಿ ಅನ್ನೋಕೆ ಹೇಳ್ಕೊಡಿ. ಬೇಗ.”

ಹೇಳಿಕೊಟ್ಟೆ. ಎರಡು ಸಲ ಹೇಳಿಕೊಟ್ಟೆ. ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ನನ್ನ ದನಿ ಬೇಕಾಗಲಿಲ್ಲ. ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದುಕೊಂಡು, ಶೆಡ್ಡೆಲ್ಲ ಮೊಳಗುವಂತೆ ಕೇಳಿದ.

“ನಲ್ಲಿ ಮನೆ ಒಳಗೇ ಬರುತ್ತಾ, ಯಜಮಾನ್ರೇ?”

ಮೇಷ್ಟ್ರು ನನ್ನ ಭುಜ ಬಿಟ್ಟರು.

“ಹಿಂದಿನ ಸಾಲಿಗೆ ಕೇಳಿಸ್ತು ನೋಡಿ,” ಅಂದರು. “ಪರದೆ ಎಳೀರಿ.”